ವಿಷಯ ಇಳಿಸಬೇಡಿ, ವಾಕ್ಯ ಹಗುರ ಮಾಡಿ

ಮಕ್ಕಳ ಪುಸ್ತಕಗಳ ಸಂಪಾದಕಿಯಾಗಿ ಹಸ್ತಪ್ರತಿ ಕೈಗೆ ಬಂದ ಕೂಡಲೇ ನಾನು ನೋಡುವುದು ಮುಖ್ಯ ಪಾತ್ರದ ವಯಸ್ಸು. ಲೇಖಕರು ‘ಇದು ಹತ್ತು ವರ್ಷದವರಿಗೆ’ ಅಂತ ಬರೆದಿರುತ್ತಾರೆ, ಕಥೆಯ ಹುಡುಗನಿಗೆ ಎಂಟೇ ವರ್ಷ. ಹತ್ತು ವರ್ಷದವರು ಅದನ್ನು ‘ಚಿಕ್ಕ ಮಕ್ಕಳದ್ದು’ ಅಂತ ಪಕ್ಕಕ್ಕಿಡುತ್ತಾರೆ. ಸಾಮಾನ್ಯವಾಗಿ ಮಕ್ಕಳಿಗೆ ತಮಗಿಂತ ಎರಡು ಮೂರು ವರ್ಷ ದೊಡ್ಡವರ ಕಥೆ ಬೇಕು. ಮುಂದೆ ತಮಗೆ ಏನೇನು ಕಾದಿದೆ ಅಂತ ಇಣುಕಿ ನೋಡುವ ಆಸೆ ಅದು.

ಈ ಆಸೆ ಈಗ ಇನ್ನೂ ಬೇಗ ಶುರುವಾಗುತ್ತಿದೆ ಅನ್ನಿಸುತ್ತದೆ ನನಗೆ. ಸಾವು, ಅಪ್ಪ ಅಮ್ಮ ಬೇರೆಯಾಗುವುದು, ಸ್ನೇಹ ಮುರಿಯುವುದು, ಇವೆಲ್ಲ ಅವರ ಕಿವಿಗೆ ಆಗಲೇ ಬಿದ್ದಿರುತ್ತವೆ. ಆದರೆ ಮನಸ್ಸು ಬೆಳೆದ ವೇಗದಲ್ಲೇ ಓದುವ ಕೌಶಲವೂ ಬೆಳೆದಿರುತ್ತದೆ ಅಂತೇನಿಲ್ಲ. 1986ರಲ್ಲಿ ಗಾಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಇದನ್ನು ಸರಳವಾಗಿ ಹೇಳಿದರು. ಓದಿದ್ದು ಅರ್ಥವಾಗಬೇಕಾದರೆ ಅಕ್ಷರ ಬಿಡಿಸಿ ಓದಲೂ ಬರಬೇಕು, ಭಾಷೆಯೂ ಅರ್ಥವಾಗಬೇಕು. ಇವೆರಡನ್ನೂ ಗುಣಿಸಬೇಕು, ಕೂಡಿಸಿದರೆ ಸಾಲದು. ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಹಾಗಾಗಿ ಎಲ್ಲವೂ ತಿಳಿಯುವ ಮಗುವೂ ಉದ್ದದ ವಾಕ್ಯದ ಮಧ್ಯೆ ಸಿಕ್ಕಿಕೊಳ್ಳಬಹುದು. ಎಷ್ಟೋ ಲೇಖಕರು ಇಲ್ಲಿ ಎಡವುತ್ತಾರೆ. ಮಗುವಿಗೆ ಓದಲು ಕಷ್ಟ ಅಂದ ಕೂಡಲೇ ವಿಷಯವನ್ನೇ ಚಿಕ್ಕದು ಮಾಡಿಬಿಡುತ್ತಾರೆ.

ಒಂದು ಹಸ್ತಪ್ರತಿಯಲ್ಲಿ ಹೀಗಿತ್ತು: ‘ಎಲ್ಲರನ್ನೂ ಪ್ರೀತಿಸುತ್ತಿದ್ದ ಅಜ್ಜಿ, ನೋವಿಲ್ಲದ ದೂರದ ಲೋಕಕ್ಕೆ ಹೋಗಿ ನಕ್ಷತ್ರವಾಗಿ ಮಿನುಗತೊಡಗಿದರು.’ ನಾನು, ಲೇಖಕಿ ಇಬ್ಬರೂ ಕೂತು ಬಹಳ ಹೊತ್ತು ಮಾತಾಡಿದೆವು. ಕೊನೆಗೆ ಅದು ಹೀಗಾಯಿತು: ‘ಅಜ್ಜಿ ತೀರಿಕೊಂಡರು. ಅವರ ಕನ್ನಡಕ ಮೇಜಿನ ಮೇಲೇ ಇತ್ತು. ಅದನ್ನು ಯಾರೂ ಎತ್ತಿಡಲಿಲ್ಲ.’ ಪದಗಳೆಲ್ಲ ಸುಲಭವಾದವು, ದುಃಖ ಮಾತ್ರ ಜಾಸ್ತಿಯಾಯಿತು. ಅಷ್ಟು ದುಃಖವನ್ನು ಮಕ್ಕಳು ತಾಳಿಕೊಳ್ಳುತ್ತಾರೆ. ಸುಳ್ಳು ಹೇಳಿದರೆ ಮಾತ್ರ ತಕ್ಷಣ ಗೊತ್ತಾಗಿಬಿಡುತ್ತದೆ ಅವರಿಗೆ.

ಪುಟಗಳ ಸಂಖ್ಯೆಗೂ ಸುಮ್ನೆ ಹೆದರುತ್ತೇವೆ. ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕ 1997ರಲ್ಲಿ ಬಂದಾಗ ಬ್ರಿಟಿಷ್ ಆವೃತ್ತಿ 223 ಪುಟ. 2003ರ ಐದನೆಯದು 766 ಪುಟ. ಪಾತ್ರಗಳ ಜೊತೆ ಓದುಗರೂ ಬೆಳೆದರು, ಪುಸ್ತಕ ದಪ್ಪವಾಯಿತೆಂದು ಕೈಬಿಡಲಿಲ್ಲ. ಇನ್ನೊಂದು ಕಡೆ ಚಿತ್ರಗಳ ಮೂಲಕವೇ ಕಥೆ ಹೇಳುವ ಗ್ರಾಫಿಕ್ ಕಾದಂಬರಿಗಳನ್ನು ‘ಓದು ಬಾರದವರಿಗೆ’ ಅಂತ ಕಡೆಗಣಿಸುತ್ತೇವೆ. 2020ರಲ್ಲಿ ಮೊದಲ ಸಲ ಅಂಥದೊಂದು ಕಾದಂಬರಿಗೆ, ಮಕ್ಕಳ ಸಾಹಿತ್ಯಕ್ಕೆ ಅಮೆರಿಕದಲ್ಲಿ ಕೊಡುವ ನ್ಯೂಬೆರಿ ಪದಕ ಬಂತು. ಆಗ ನನಗೆ ತುಂಬಾ ಖುಷಿಯಾಗಿತ್ತು.

ನನ್ನ ದೊಡ್ಡ ಚಿಂತೆ ಹನ್ನೆರಡರಿಂದ ಹದಿನಾಲ್ಕು ವರ್ಷದವರದ್ದು. ಯಂಗ್ ಅಡಲ್ಟ್ ವಿಭಾಗ ಇರುವುದೇ ಹದಿಹರೆಯದವರಿಗಾಗಿ. ಆದರೆ ಪುಸ್ತಕ ಮಾರುಕಟ್ಟೆಯ ಮಾಹಿತಿ ಕಲೆಹಾಕುವ ಅಮೆರಿಕದ ಬೌಕರ್ ಸಂಸ್ಥೆಯ 2012ರ ಸಮೀಕ್ಷೆಯ ಪ್ರಕಾರ ಆ ಪುಸ್ತಕಗಳನ್ನು ಕೊಂಡವರಲ್ಲಿ ಶೇ. 55 ಮಂದಿ 18 ದಾಟಿದವರು. ದೊಡ್ಡವರು ಕೊಳ್ಳುತ್ತಾರೆ ಅಂದಮೇಲೆ ಕಥೆಗಳೂ ದೊಡ್ಡವರ ಕಡೆ ವಾಲುತ್ತವೆ, ಅಲ್ವಾ? ಪಾತ್ರಗಳಿಗೆ ಹದಿನೇಳು, ಹದಿನೆಂಟು. ಕೆಳಗಿನ ವಿಭಾಗದ ಪುಸ್ತಕಗಳಲ್ಲಿ ಹತ್ತು, ಹನ್ನೊಂದು. ಹದಿಮೂರರ ಹುಡುಗಿಗೆ ಅದೂ ಒಗ್ಗದು, ಇದೂ ಸಾಲದು. ಎಷ್ಟೋ ಮಕ್ಕಳು ಓದು ಬಿಡುವುದನ್ನು ನಾನು ನೋಡಿರುವುದು ಈ ವಯಸ್ಸಿನಲ್ಲೇ.

ಹದಿನಾಲ್ಕು ಹದಿನೈದು ವರ್ಷದ ಪಾತ್ರವನ್ನಿಟ್ಟು ಈ ಮಕ್ಕಳಿಗಾಗಿ ನೀವು ಕಥೆ ಬರೆದಿದ್ದರೆ, ಅದನ್ನು ಹತ್ತು ವರ್ಷದವರಿಗೆ ಇಳಿಸಬೇಡಿ, ಕಾಲೇಜಿಗೂ ಏರಿಸಬೇಡಿ. ಹಾಗೇ ಕಳಿಸಿ. ವಾಕ್ಯಗಳನ್ನು ಆಮೇಲೆ ಜೊತೆಗೆ ಕೂತು ತಿದ್ದೋಣ.