ಮೊದಲು ಮಾತ್ರೆ ಎಣಿಸಿ

ಹಿರಿಯರ ಆರೈಕೆಗೆ ಮನೆಮನೆಗೆ ಹೋಗುವ ನರ್ಸ್‌ಗಳು ಹಿಂಸೆ ಎಂದರೆ ಹೊಡೆತವೊಂದೇ ಅಂದುಕೊಂಡರೆ ಬಹಳಷ್ಟು ಕಣ್ತಪ್ಪಿ ಹೋಗುತ್ತದೆ. ಊಟ, ಔಷಧಿ, ಕನ್ನಡಕ, ಪಿಂಚಣಿ ದುಡ್ಡು, ಇವುಗಳಲ್ಲೇ ಅದು ಮೊದಲು ಕಾಣುವುದು.

ದಿನಕ್ಕೊಂದರಂತೆ 30 ಬಿ.ಪಿ. ಮಾತ್ರೆ ತಂದು 20 ದಿನವಾಗಿದ್ದರೆ 10 ಉಳಿದಿರಬೇಕು. 24 ಉಳಿದಿದ್ದರೆ ಯಾಕೆಂದು ಕೇಳಿ. ಮರೆವಿನ ಕಾಯಿಲೆಯವರು ಮಾತ್ರೆ ಬೇಡವೆಂದು ಹಟ ಹಿಡಿಯುವುದೂ ಉಂಟು. ನಿದ್ದೆ ಮಾತ್ರೆ ಮಾತ್ರ ಲೆಕ್ಕಕ್ಕಿಂತ ಬೇಗ ಖಾಲಿಯಾಗಿ, ಹಗಲೆಲ್ಲ ಮಂಪರು, ತೊದಲು ಮಾತು ಇದ್ದರೆ ತಕ್ಷಣ ವೈದ್ಯರಿಗೆ ತಿಳಿಸಿ. ಸುಮ್ಮನೆ ಮಲಗಿರಲಿ ಎಂದು ಹೆಚ್ಚು ಕೊಡುತ್ತಿರಬಹುದು.

ವಯಸ್ಸಾದವರ ಚರ್ಮ ತೆಳು. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ವಾರ್ಫರಿನ್ ನುಂಗುವವರಿಗೆ ಮಂಚದ ಅಂಚು ತಾಗಿದರೂ ಮುಂಗೈ ನೀಲಿಗಟ್ಟುತ್ತದೆ. ಅಷ್ಟಕ್ಕೇ ಸೊಸೆಯನ್ನು ಅನುಮಾನಿಸುವುದು ಅನ್ಯಾಯ. ಕಿವಿ, ಕುತ್ತಿಗೆ, ತೋಳಿನ ಒಳಮೈಯಲ್ಲಿ ಕಲೆಗಳಿದ್ದರೆ ಮಾತು ಬೇರೆ. ಎರಡೂ ಮಣಿಕಟ್ಟಿನಲ್ಲಿ ಬಳೆ ತೊಡಿಸಿದಂತೆ ಗೆರೆ ಮೂಡಿದ್ದರೆ ಕೈ ಕಟ್ಟಿಹಾಕಿರಬಹುದು. ಕಲೆಯ ಬಣ್ಣ ನೋಡಿ ಇಷ್ಟೇ ದಿನದ್ದು ಎಂದು ಹೇಳಲು ಹೋಗಬೇಡಿ, ತಪ್ಪುತ್ತದೆ. ಹಾಸಿಗೆ ಹುಣ್ಣು ಚೆನ್ನಾಗಿ ನೋಡಿಕೊಂಡರೂ ಆಗಬಹುದು. ಆದರೆ ಹುಣ್ಣು ಕೊಳೆತು ನಾರುತ್ತಿದ್ದರೂ ಯಾರಿಗೂ ತೋರಿಸಿಲ್ಲವೆಂದರೆ ಅದು ನಿರ್ಲಕ್ಷ್ಯವೇ.

ಮಗ ಬಾಗಿಲಲ್ಲಿ ನಿಂತಿರುವಾಗ ಯಾವ ಅಜ್ಜಿಯೂ ಬಾಯಿ ಬಿಡುವುದಿಲ್ಲ. 'ಮೈ ಒರೆಸಬೇಕು, ಸ್ವಲ್ಪ ಹೊರಗಿರಿ' ಎಂದರೆ ಸಾಕು, ಹತ್ತು ನಿಮಿಷ ಸಿಗುತ್ತದೆ. 'ಹೊಡೀತಾರಾ?' ಅಂತ ನೇರ ಕೇಳಿದರೆ 'ಇಲ್ಲಮ್ಮ' ಅಂದುಬಿಡುತ್ತಾರೆ. ಮನೆ ಮರ್ಯಾದೆ ದೊಡ್ಡದು. 'ನಿನ್ನೆ ರಾತ್ರಿ ಏನು ಉಂಡ್ರಿ ಅಜ್ಜಿ? ಯಾರು ಬಡಿಸಿದ್ರು? ಪಿಂಚಣಿ ಯಾರು ತರ್ತಾರೆ?' ಎಂದು ಕೇಳಿ. ಮಗ ಹೇಳಿದ್ದು, ಅಜ್ಜಿ ಹೇಳಿದ್ದು, ಮೈ ಹೇಳುತ್ತಿರುವುದು ಹೊಂದದಿದ್ದರೆ ಅಲ್ಲೇ ಎಚ್ಚರವಾಗಬೇಕು. ಅವರ ಮಾತನ್ನು ಅವರದೇ ಪದಗಳಲ್ಲಿ, ತಾರೀಕು ಹಾಕಿ ಬರೆದಿಡಿ. 'ಹಿಂಸೆಯಾಗಿದೆ' ಎಂಬ ತೀರ್ಪು ಬರೆಯಬೇಡಿ. ಕಲೆ ಎಲ್ಲಿದೆ, ಎಷ್ಟು ಸೆಂಟಿಮೀಟರ್ ಇದೆ ಎಂದು ಬರೆಯಿರಿ.

ಮನೆಯವರನ್ನು ಅಲ್ಲೇ ಗದರಿಸುವುದು ದೊಡ್ಡ ತಪ್ಪು. ನಾವು ಹೊರಟ ಮೇಲೆ ಅದರ ಫಲ ಉಣ್ಣುವವರು ಅಜ್ಜಿಯೇ. ಜೀವಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ. ಇಲ್ಲದಿದ್ದರೆ ಅಜ್ಜಿಯ ಒಪ್ಪಿಗೆ ಪಡೆದು ಹಿರಿಯರ ಸಹಾಯವಾಣಿ 14567ಕ್ಕೆ ಮಾಡಿ. ಜೀವನಾಂಶ ಬೇಕಿದ್ದರೆ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಆಸ್ತಿಯ ದಾನಪತ್ರ ಇನ್ನೂ ಆಗಿಲ್ಲವಾದರೆ, 'ನೋಡಿಕೊಳ್ಳಬೇಕು' ಎಂಬ ಷರತ್ತನ್ನು ಪತ್ರದಲ್ಲೇ ಬರೆಸಲು ಹೇಳಿ. ಬರೀ ಬಾಯಿಮಾತಿದ್ದರೆ ಇದೇ ಕಾಯ್ದೆಯ 23ನೇ ಸೆಕ್ಷನ್ ಹಿಡಿದು ಆಸ್ತಿ ವಾಪಸ್ ಪಡೆಯುವುದು ಕಷ್ಟ.