ಮಣಿಪಾಲಕ್ಕೆ ಮಕ್ಕಳನ್ನು ಬಿಡಲು ಹೋಗುವವರಿಗೆ: ಉಡುಪಿಯಲ್ಲಿ ಉಳಿದು, ಉಂಡು, ನೋಡಿ ಬಂದ ಅನುಭವ

ಮಗಳಿಗೆ ಮಣಿಪಾಲದಲ್ಲಿ ಸೀಟು ಸಿಕ್ಕಿದಾಗ ಶಿವಮೊಗ್ಗದಿಂದ ನಾವು ಹೊರಟಿದ್ದು ಜುಲೈನಲ್ಲಿ. ಎಡೆಬಿಡದ ಮಳೆ. ಅಡ್ಮಿಶನ್, ಹಾಸ್ಟೆಲ್, ಬಕೆಟ್ಟು, ಹಾಸಿಗೆ ಅಂತ ಎರಡು ದಿನ ಹೋದದ್ದೇ ಗೊತ್ತಾಗಲಿಲ್ಲ. ಮೂರನೇ ದಿನ ಸೇಂಟ್ ಮೇರಿಸ್ ದ್ವೀಪ ನೋಡೋಣ ಅಂತ ಮಲ್ಪೆಗೆ ಹೋದರೆ ದೋಣಿ ಇಲ್ಲ. ಮಳೆಗಾಲದಲ್ಲಿ ಕಡಲು ಕೆರಳಿರುತ್ತದೆ, ಯಾರನ್ನೂ ಬಿಡುವುದಿಲ್ಲ. ಸಂಜೆ ಕೃಷ್ಣ ಮಠದ ತೇರಾದರೂ ನೋಡೋಣ ಅಂದರೆ ಅದೂ ಇಲ್ಲ. ಮಳೆಗಾಲಕ್ಕೆ ನಿಂತ ರಥೋತ್ಸವ ಉತ್ಥಾನ ದ್ವಾದಶಿಯ (ತುಳಸಿ ಪೂಜೆಯ ದಿನ) ಹೊತ್ತಿಗೇ ಮತ್ತೆ ಶುರುವಾಗುವುದು.

ಹಾಗಾಗಿ ನನ್ನ ಸಲಹೆ ಇಷ್ಟೇ. ಮಳೆಗಾಲದಲ್ಲಿ ಹೋದರೆ ಕಾಲೇಜಿನ ಕೆಲಸ ಮುಗಿಸಿಕೊಂಡು ಬನ್ನಿ. ಊರು ನೋಡಲು ಡಿಸೆಂಬರ್ ಇಲ್ಲವೇ ಜನವರಿಯಲ್ಲಿ ಇನ್ನೊಂದು ಸಲ ಹೋಗಿ. ನಾವು ಹಾಗೇ ಮಾಡಿದೆವು, ಆಗ ಅಮ್ಮನನ್ನೂ ಕರೆದುಕೊಂಡು ಹೋದೆವು.

ಮೊದಲು ಉಳಿಯುವ ವಿಷಯ. ಜುಲೈನಲ್ಲಿ ಮಣಿಪಾಲದ ಒಂದು ಲಾಡ್ಜಿಗೆ ಫೋನ್ ಮಾಡಿ ರೂಮು ಹೇಳಿಟ್ಟಿದ್ದೆ. ಹೋಗುವಷ್ಟರಲ್ಲಿ ಅದನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಸೂಟ್‌ಕೇಸ್ ಹಿಡಿದು ಮಳೆಯಲ್ಲಿ ಮೂರು ಕಡೆ ಅಲೆದೆವು. ಅಡ್ಮಿಶನ್ ಮತ್ತು ಘಟಿಕೋತ್ಸವದ ದಿನಗಳಲ್ಲಿ ಅಲ್ಲಿ ರೂಮು ಸಿಗುವುದು ಕಷ್ಟ. ಮುಂಗಡ ಕಟ್ಟಿ, ಮೆಸೇಜ್ ಬಂದಮೇಲೇ ಹೊರಡಿ. ಕ್ಯಾಂಪಸ್ಸಿನಲ್ಲಿ ಬೆಳಗ್ಗೆಯೇ ಕೆಲಸ ಇದ್ದರೆ ಮಾತ್ರ ಮಣಿಪಾಲ. ಇಲ್ಲದಿದ್ದರೆ ಉಡುಪಿಯ ರಥಬೀದಿಯ ಆಸುಪಾಸಿನಲ್ಲೇ ಉಳಿಯಿರಿ. ಮಠದ ವಸತಿಗೃಹಗಳಿವೆ, ಸಾಧಾರಣ ಲಾಡ್ಜುಗಳೂ ಇವೆ. ಎರಡು ಊರುಗಳ ನಡುವೆ ಇರುವುದು ಐದಾರು ಕಿಲೋಮೀಟರ್. ಸಿಟಿ ಬಸ್ಸು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ. ರೈಲಿನಲ್ಲಿ ಬರುವವರು ಇಳಿಯುವ ಇಂದ್ರಾಳಿ ಸ್ಟೇಷನ್ನೂ ಇವೆರಡರ ಮಧ್ಯೆಯೇ ಇದೆ. ವಯಸ್ಸಾದವರು ಜೊತೆಗಿದ್ದರಂತೂ ರಥಬೀದಿಯೇ ಸರಿ. ಅಮ್ಮ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನಡೆದುಕೊಂಡೇ ದರ್ಶನಕ್ಕೆ ಹೋಗಿ ಬಂದರು.

ದರ್ಶನಕ್ಕೆ ಬೆಳಗ್ಗೆ ಬೇಗ ಹೋಗಿ. ಮೊದಲು ಹೊರಗಿನಿಂದ ಕನಕನ ಕಿಂಡಿ, ಆಮೇಲೆ ಒಳಗೆ ಒಂಬತ್ತು ತೂತುಗಳ ನವಗ್ರಹ ಕಿಂಡಿ. ಗಂಡಸರು ಒಳಗೆ ಅಂಗಿ ತೆಗೆಯಬೇಕು. ಅಮ್ಮ ಕಿಂಡಿಗೆ ಹಣೆ ತಾಗಿಸಿ ನಿಂತವರು, ಹಿಂದಿನವರು ಮೆಲ್ಲಗೆ "ಅಮ್ಮಾ" ಅನ್ನುವವರೆಗೂ ಕದಲಲಿಲ್ಲ. ಮಧ್ಯಾಹ್ನದ ಊಟ ಮಠದಲ್ಲೇ ಮಾಡಿ. ಎರಡು ವರ್ಷಕ್ಕೊಮ್ಮೆ, ಜನವರಿ 18ರಂದು ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ ನಡೆಯುತ್ತದೆ. ಆ ವಾರ ಊರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದನ್ನೇ ನೋಡಲು ಹೋಗುವವರಲ್ಲದಿದ್ದರೆ ದಿನಾಂಕ ನೋಡಿಕೊಂಡು ಹೊರಡಿ.

ಇನ್ನು ತಿಂಡಿ. ರಥಬೀದಿಯ ಹತ್ತಿರದ ಮಿತ್ರ ಸಮಾಜಕ್ಕೆ ಹೋಗದೆ ಬರಬೇಡಿ. ಹಳೇ ಹೋಟೆಲ್ಲು, ಯಾವಾಗಲೂ ಜನ. ಗೋಳಿಬಜೆ ಬಾಣಲೆಯಿಂದ ನೇರ ತಟ್ಟೆಗೆ ಬಂದಾಗ ಸ್ವಲ್ಪ ತಾಳಿ. ಹೊರಗೆ ಗರಿಗರಿ, ಒಡೆದರೆ ಒಳಗೆ ಮೆತ್ತಗೆ, ಹಬೆ ಆಡುತ್ತಿರುತ್ತದೆ. ಜೊತೆಗೆ ಕಾಯಿ ಚಟ್ನಿ. ಬಾಳೆಹಣ್ಣು ಹಾಕಿ ಮಾಡುವ ಬನ್ಸ್ ಬೆಳಗ್ಗೆ ಬೇಗ ಹೋದರೆ ಸಿಗುತ್ತದೆ. ಡಯಾನಾ ಹೋಟೆಲ್ಲಿನಲ್ಲಿ ಗಡ್‌ಬಡ್ ಐಸ್‌ಕ್ರೀಮ್ ತಿನ್ನಿ. ಉದ್ದನೆ ಗ್ಲಾಸು, ಇಬ್ಬರಿಗೆ ಒಂದು ಸಾಕು. ಮೀನು ತಿನ್ನುವವರು ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಹೋಗಿ, ಆವತ್ತು ಯಾವ ಮೀನು ಬಂದಿದೆ ಅಂತ ಕೇಳಿ. ಜಾಸ್ತಿ ಹೊತ್ತಾದರೆ ಒಳ್ಳೆಯದು ಖಾಲಿ. ಊಟದಲ್ಲಿ ಮಟ್ಟು ಗುಳ್ಳದ ಸಾಂಬಾರು ಸಿಕ್ಕರೆ ಬಿಡಬೇಡಿ. ಹಸಿರು ಬಣ್ಣದ ಈ ದುಂಡು ಬದನೆ ಪಕ್ಕದ ಮಟ್ಟು ಊರಿನದು, ಬೆಂದರೆ ಬೆಣ್ಣೆ.

ಸೇಂಟ್ ಮೇರಿಸ್ ದ್ವೀಪಕ್ಕೆ ಬೆಳಗಿನ ದೋಣಿಯಲ್ಲೇ ಹೋಗಿ, ಬಿಸಿಲು ಏರಿದರೆ ಅಲ್ಲಿ ನೆರಳು ಕಡಿಮೆ. ಅಲ್ಲಿ ನೋಡಬೇಕಾದ್ದು ಕಲ್ಲು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತಾ ಕುಗ್ಗಿ, ಬಿರಿದು, ಕಂಬಗಳಾಗಿ ನಿಂತಿದೆ. ಹತ್ತಿರ ಹೋಗಿ ಒಂದು ಕಂಬದ ತಲೆ ಮುಟ್ಟಿ ನೋಡಿ, ಹೆಚ್ಚಿನವಕ್ಕೆ ಐದು ಇಲ್ಲವೇ ಆರು ಮೂಲೆ. ನನ್ನ ಮಗಳು ಎಣಿಸುತ್ತಾ ಎಣಿಸುತ್ತಾ ದೋಣಿ ಕರೆದರೂ ಬರಲಿಲ್ಲ. ದಡದ ತುಂಬ ಕಪ್ಪೆಚಿಪ್ಪು ಚುಚ್ಚುತ್ತದೆ, ಗಟ್ಟಿ ಚಪ್ಪಲಿ ಬೇಕು. ಕಾವಲಿನವರು ಸೀಟಿ ಊದಿದ ಕಡೆ ನೀರಿಗೆ ಇಳಿಯಬೇಡಿ.

ಸಂಜೆ ಕಾಪು ದೀಪಸ್ತಂಭಕ್ಕೆ ಹೋಗಿ. ಬಂಡೆಯ ಮೇಲೆ 1901ರಲ್ಲಿ ಕಟ್ಟಿದ್ದು. ಮೇಲೆ ಹತ್ತಲು ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ. ಮಣಿಪಾಲದಲ್ಲಿ ಎಂಡ್ ಪಾಯಿಂಟ್‌ನಿಂದ ಕೆಳಗೆ ಸ್ವರ್ಣಾ ನದಿ ಕಾಣುತ್ತದೆ, ಅದು ಮಳೆಗಾಲದಲ್ಲೇ ಚೆಂದ. ಜುಲೈನಲ್ಲಿ ಹೋದವರಿಗೆ ಅಂಗರಚನಾ ಮ್ಯೂಸಿಯಂ ಕೂಡ ಇದೆ. ಗಾಜಿನ ಜಾಡಿಗಳಲ್ಲಿ ಮನುಷ್ಯ ದೇಹದ ಒಂದೊಂದು ಭಾಗ ಇಟ್ಟಿದ್ದಾರೆ. ದೊಡ್ಡ ಮಕ್ಕಳಿಗೆ ತೋರಿಸಲೇಬೇಕು, ತೀರಾ ಚಿಕ್ಕವರು ಹೆದರಬಹುದು. ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿರುವ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಮುಂಚೆಯೇ ಬುಕ್ ಮಾಡಿ, ಅರ್ಧ ದಿನ ಇಟ್ಟುಕೊಳ್ಳಿ. ಸುಮ್ನೆ ಒಂದು ಸುತ್ತು ಹಾಕಿ ಬರುವ ಜಾಗ ಅಲ್ಲ ಅದು.

ವಾಪಸ್ ಹೊರಡುವ ಮುಂಚೆ ರಥಬೀದಿಯಲ್ಲಿ ಶಂಕರಪುರ ಮಲ್ಲಿಗೆ ಕೇಳಿ. ಚೆಂಡು, ಅಟ್ಟೆ ಅಂತ ಲೆಕ್ಕ ಹೇಳುತ್ತಾರೆ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನ ದಿನ ಬದಲಾಗುತ್ತದೆ. ಆಗುಂಬೆ ಮೇಲೆ ಹೋಗುವವರು ಮಧ್ಯಾಹ್ನ ಮೂರರ ಒಳಗೆ ಉಡುಪಿ ಬಿಡಿ. ಹದಿನಾಲ್ಕು ತಿರುವಿನ ಘಾಟಿಯನ್ನು ಬೆಳಕಿರುವಾಗಲೇ ಹತ್ತಿದರೆ ಒಳ್ಳೆಯದು, ಡಿಸೆಂಬರ್ ಆದರೆ ಮೇಲೆ ಸೂರ್ಯಾಸ್ತಕ್ಕೂ ಸರಿಯಾಗಿ ತಲುಪುತ್ತೀರಿ.