ಆಷಾಢ ಬರುತ್ತಿದೆ, ಬ್ಯಾಗಿನಿಂದ ಲೆನ್ಸ್ ಹೊರಗೆ ತೆಗೆಯಿರಿ

ಇನ್ನು ಹತ್ತು ದಿನಕ್ಕೆ ಆಷಾಢ. ಮದುವೆ, ಉಪನಯನ, ಗೃಹಪ್ರವೇಶ ಯಾವುದೂ ಇಲ್ಲ. ಕ್ಯಾಮೆರಾ ಬ್ಯಾಗು ಒಮ್ಮೆ ಬೀರುವಿನ ಮೇಲೆ ಹೋಗಿ ಕೂತರೆ ಮತ್ತೆ ಇಳಿಯುವುದು ಶ್ರಾವಣಕ್ಕೇ. ಹಾಗೆ ಇಟ್ಟೇ ನಾನೊಂದು ಒಳ್ಳೆಯ ಲೆನ್ಸ್ ಕಳೆದುಕೊಂಡೆ. ಅದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ, ಯಾಕೆಂದರೆ ಹೊಸದಾಗಿ ಮದುವೆ ಫೋಟೋ ತೆಗೆಯುವ ಕೆಲಸಕ್ಕೆ ಬರುವ ಹುಡುಗರೆಲ್ಲ ಕೇಳುವುದು ಒಂದೇ: "ಅಣ್ಣಾ, ದಿನಾ ಬಳಸಿದ್ರೆ ಲೆನ್ಸ್ ಎಷ್ಟು ವರ್ಷ ಬಾಳಿಕೆ ಬರುತ್ತೆ?"

ಕ್ಯಾಮೆರಾದ ಬಗ್ಗೆ ಈ ಪ್ರಶ್ನೆ ಕೇಳಿದರೆ ಉತ್ತರ ಸುಲಭ. ನನ್ನ ಹತ್ತಿರ ಇರುವುದು ನಿಕಾನ್ ಡಿ750. ಅದರ ಶಟರ್ ಅನ್ನು (ಪ್ರತಿ ಫೋಟೋಗೂ ತೆರೆದು ಮುಚ್ಚುವ ಪರದೆ) 1,50,000 ಕ್ಲಿಕ್‌ಗೆ ಪರೀಕ್ಷೆ ಮಾಡಿದ್ದೇವೆ ಅಂತ ಕಂಪನಿಯೇ ಹೇಳುತ್ತದೆ. ಡಿ850 ಅನ್ನುವ ಇನ್ನೊಂದು ಮಾಡೆಲ್‌ಗೆ 2,00,000. ಲೆನ್ಸಿಗೆ ಅಂಥ ಲೆಕ್ಕ ಯಾರೂ ಕೊಡುವುದಿಲ್ಲ. ಬೆಳಕು ಹಾದುಹೋದರೆ ಗಾಜು ಸವೆಯುವುದಿಲ್ಲ, ಅಲ್ವಾ? ಸವೆಯುವುದು ಗಾಜಿನ ಸುತ್ತ ಇರುವ ಸಾಮಾನು. ಹಾಗಾಗಿ ಯಾವ ಲೆನ್ಸ್, ಅದರೊಳಗೆ ಏನೇನಿದೆ ಅನ್ನುವುದನ್ನು ನೋಡದೆ ವರ್ಷ ಹೇಳಲು ಆಗುವುದಿಲ್ಲ.

ನನ್ನ 50 ಎಂಎಂ ಎಫ್1.8ಡಿ ಲೆನ್ಸ್ ತಗೊಂಡು 14 ವರ್ಷ ಆಯಿತು. ಮುಹೂರ್ತಕ್ಕೂ ಅದೇ, ಆರತಕ್ಷತೆಗೂ ಅದೇ. ಅದರೊಳಗೆ ಮೋಟರ್ ಇಲ್ಲ. ಕ್ಯಾಮೆರಾದ ಮೋಟರೇ ಒಂದು ಸಣ್ಣ ಸ್ಕ್ರೂ ಮೂಲಕ ಅದನ್ನು ತಿರುಗಿಸುತ್ತದೆ. ಕೆಡುವಂಥದ್ದು ಒಳಗೆ ಕಡಿಮೆ, ಅದಕ್ಕೇ ಇಷ್ಟು ದುಡಿದಿದೆ. ನನಗೆ ಕೆಲಸ ಕಲಿಸಿದ ಹಿರಿಯರ ಹತ್ತಿರ ಇದಕ್ಕಿಂತ ಹಳೆಯ ನಿಕಾನ್ ಲೆನ್ಸ್ ಇದೆ, ಎಐ ನಿಕ್ಕೋರ್ ಅನ್ನುವ ಮಾದರಿ. ನಿಕಾನ್ ಆ ಮಾದರಿ ತಂದದ್ದು 1977ರಲ್ಲಿ. ಕೈಯಲ್ಲೇ ಫೋಕಸ್ ಮಾಡಬೇಕು, ಆದರೆ ಆ ರಿಂಗ್ ತಿರುಗುವ ನಯ ನೋಡಬೇಕು ನೀವು! ಇಂಥ ಲೆನ್ಸಿನಲ್ಲಿ ಗ್ರೀಸ್ ಒಣಗಬಹುದು, ಇಲ್ಲವೇ ಎಣ್ಣೆ ಇಳಿದು ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಹಿಗ್ಗಿಸಿ ಕುಗ್ಗಿಸುವ ಬ್ಲೇಡ್‌ಗಳು ಅಂಟಬಹುದು. ಎರಡನ್ನೂ ಬಿಚ್ಚಿ ತೊಳೆದು ಸರಿಮಾಡುವವರು ಈಗಲೂ ಇದ್ದಾರೆ.

ಜೂಮ್ ಲೆನ್ಸಿನ ಕಥೆ ಬೇರೆ. ಮದುವೆಗೆ ಜೂಮ್ ಬೇಕೇ ಬೇಕು. ನನ್ನದೊಂದು (ಯಾವ ಕಂಪನಿ ಅಂತ ಹೇಳುವುದಿಲ್ಲ, ಎಲ್ಲರ ಜೂಮ್‌ಗಳಲ್ಲೂ ಇಂಥದ್ದು ಆಗುತ್ತದೆ) ಆರು ಸೀಸನ್ ದುಡಿಯಿತು. ಇನ್ನೂರಕ್ಕೂ ಹೆಚ್ಚು ಮದುವೆ. ಒಂದು ದಿನ ಧಾರೆ ಹೊತ್ತಿಗೆ ಸರಿಯಾಗಿ ಎರರ್ ಬಂತು. ವಿಚಿತ್ರ ಏನೆಂದರೆ, ಅಪರ್ಚರ್ ಪೂರ್ತಿ ತೆರೆದಿಟ್ಟರೆ ಫೋಟೋ ಬರುತ್ತಿತ್ತು, 5.6ಕ್ಕೆ ಕಿರಿದು ಮಾಡಿದರೆ ನಿಂತುಬಿಡುತ್ತಿತ್ತು. ಆ ಮದುವೆಯನ್ನು ತೆರೆದ ಅಪರ್ಚರ್‌ನಲ್ಲೇ ಮುಗಿಸಿದೆ. ಆಮೇಲೆ ಬೆಂಗಳೂರಿನಲ್ಲಿ ಬಿಚ್ಚಿಸಿದಾಗ ಗೊತ್ತಾಯಿತು. ಒಳಗೆ ಕಾಗದದಷ್ಟು ತೆಳ್ಳಗಿನ ಒಂದು ಫ್ಲೆಕ್ಸ್ ಕೇಬಲ್ ಇರುತ್ತದೆ, ನಾವು ಪ್ರತಿ ಸಲ ಜೂಮ್ ತಿರುಗಿಸಿದಾಗಲೂ ಅದು ಮಡಚಿ ಬಿಡಿಸಿಕೊಳ್ಳುತ್ತದೆ, ಸಾವಿರಾರು ಸಲ ಮಡಚಿದ ಜಾಗದಲ್ಲೇ ಒಂದು ದಿನ ಬಿರುಕು ಬಿಡುತ್ತದೆ. ಕೇಬಲ್ ಬದಲಾಯಿಸಿದರು, ಲೆನ್ಸ್ ಈಗಲೂ ಓಡುತ್ತಿದೆ. ಫೋಕಸ್ ಮೋಟರ್ ಕೂಡ ಹೀಗೇ. ದುಡಿದು ದುಡಿದು ಸವೆಯುತ್ತದೆ, ಪಾರ್ಟ್ ಸಿಗುವವರೆಗೆ ಬದಲಾಯಿಸಬಹುದು. ಹೊಸ ಮಾಡೆಲ್ ಬಂದು ಕೆಲವು ವರ್ಷ ಕಳೆದ ಮೇಲೆ ಹಳೆಯದರ ಪಾರ್ಟ್ ಸಿಗುವುದು ಕಷ್ಟ. ಆಗ ಗಾಜು ಚೆನ್ನಾಗಿದ್ದರೂ ಲೆನ್ಸ್ ಮೂಲೆಗೆ.

ಮದುವೆ ಮನೆಯಲ್ಲಿ ಲೆನ್ಸಿಗೆ ಬೀಳುವ ಪೆಟ್ಟು ಬೇರೆಯೇ ಇದೆ. ಅರಿಶಿನದ ಪುಡಿ, ಅಕ್ಷತೆಯ ಧೂಳು, ಹೋಮದ ಹೊಗೆ. ತುಪ್ಪದ ಹೊಗೆ ಮುಂದಿನ ಗಾಜಿನ ಮೇಲೆ ತೆಳ್ಳಗೆ ಜಿಡ್ಡಾಗಿ ಕೂರುತ್ತದೆ. ಆ ಜಿಡ್ಡನ್ನು ಪಂಚೆಯ ತುದಿಯಿಂದಲೋ ಶರ್ಟಿನಿಂದಲೋ ಉಜ್ಜುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಮೊದಲು ಬ್ಲೋವರ್‌ನಿಂದ ಊದಿ, ಕಣ ಹೋದ ಮೇಲೆ ಒರೆಸಿ. ಮುಂದಿನ ಗಾಜಿನ ಮೇಲೆ ಒಂದೆರಡು ಸಣ್ಣ ಗೀರು ಬಿದ್ದರೂ ಚಿತ್ರದಲ್ಲಿ ಕಾಣುವುದಿಲ್ಲ, ಅದಕ್ಕೆ ಹೆದರಬೇಡಿ. ಹಿಂದಿನ ಗಾಜಿನ ಗೀರು ಮಾತ್ರ ಕಾಣುತ್ತದೆ. ಲೆನ್ಸ್ ಬಿಚ್ಚಿದ ತಕ್ಷಣ ಹಿಂದಿನ ಮುಚ್ಚಳ ಹಾಕಿ.

ಇಷ್ಟೆಲ್ಲ ಆದರೂ, ಕೆಲಸ ಮಾಡಿ ಮಾಡಿ ಸತ್ತ ಲೆನ್ಸ್ ನನ್ನ ಹತ್ತಿರ ಒಂದೂ ಇಲ್ಲ. ಸತ್ತದ್ದು ಸುಮ್ನೆ ಇಟ್ಟಿದ್ದು.

ನಮ್ಮೂರು ತೀರ್ಥಹಳ್ಳಿ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಿಂದ ಇಲ್ಲಿ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು. ಅಡಿಕೆ ಅಟ್ಟಕ್ಕೆ ಹೊಗೆ ಹಾಕುತ್ತೇವೆ, ಬಟ್ಟೆಯನ್ನು ಒಲೆಯ ಮೇಲೆ ಒಣಗಿಸುತ್ತೇವೆ. ನನ್ನ 70-300 ಲೆನ್ಸನ್ನು ಮಾತ್ರ ಚರ್ಮದ ಚೀಲಕ್ಕೆ ಹಾಕಿ, ಜಿಪ್ ಎಳೆದು, ಮೂರು ತಿಂಗಳು ಬೀರುವಿನೊಳಗೆ ಇಟ್ಟುಬಿಟ್ಟೆ. ಜೋಪಾನ ಮಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಗಣೇಶನ ಹಬ್ಬಕ್ಕೆ ತೆಗೆದರೆ ಚೀಲದ ಒಳಗೆಲ್ಲ ಬಿಳಿ. ಲೆನ್ಸಿನ ಹಿಂದಿನಿಂದ ಟಾರ್ಚ್ ಹಿಡಿದು ನೋಡಿದೆ. ಒಳಗಿನ ಗಾಜಿನ ಮೇಲೆ ಜೇಡನ ಬಲೆಯ ಹಾಗೆ ಎಳೆ ಎಳೆ. ಫಂಗಸ್.

ಶುರುವಿನಲ್ಲೇ ಕಂಡರೆ ಬಿಚ್ಚಿ ಒರೆಸಿದರೆ ಹೋಗುತ್ತದೆ. ನಾನು ಅದು ಗೊತ್ತಿಲ್ಲದೆ ಇನ್ನೊಂದು ಮಳೆಗಾಲ ಹಾಗೇ ಬಿಟ್ಟೆ. ಫಂಗಸ್ ಬೆಳೆಯುವಾಗ ಆಮ್ಲ ಬಿಡುತ್ತದೆ, ಅದು ಗಾಜಿನ ಮೇಲಿನ ಕೋಟಿಂಗ್ ತಿನ್ನುತ್ತದೆ. ರಿಪೇರಿಯವರು ಫಂಗಸ್ ಒರೆಸಿ ಕೊಟ್ಟರು, ಅದು ತಿಂದ ಗುರುತು ಹಾಗೇ ಉಳಿಯಿತು. ಹಗಲಿನಲ್ಲಿ ಅಷ್ಟು ಗೊತ್ತಾಗುವುದಿಲ್ಲ. ವೇದಿಕೆಯ ಲೈಟು ಎದುರಿಗೆ ಬಂದರೆ ಮಾತ್ರ ಚಿತ್ರವೆಲ್ಲ ಹಾಲು ಚೆಲ್ಲಿದ ಹಾಗೆ ಮಂಕು. ಅದರಲ್ಲಿ ಮತ್ತೆ ಮದುವೆ ತೆಗೆಯಲಿಲ್ಲ.

ಈಗ ನಾನು ಮಾಡುವುದು ಇಷ್ಟು. ಚರ್ಮದ ಚೀಲ ಬಿಟ್ಟೆ. ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಒಂದು ಸಣ್ಣ ಮೀಟರ್. ಮೀಟರಿನಲ್ಲಿ ಶೇಕಡಾ 40ರಿಂದ 50 ಇದ್ದರೆ ನನಗೆ ನಿದ್ದೆ ಬರುತ್ತದೆ. 60 ದಾಟಿದರೆ ಜೆಲ್ ಬದಲಾಯಿಸುತ್ತೇನೆ. ಜಾಸ್ತಿ ಲೆನ್ಸ್ ಇರುವವರು ಕರೆಂಟಿನ ಡ್ರೈ ಕ್ಯಾಬಿನೆಟ್ ತಗೊಳ್ಳಿ, ಒಂದು ಲೆನ್ಸ್ ಉಳಿದರೂ ಆ ದುಡ್ಡು ವಾಪಸ್ ಬಂದ ಹಾಗೆ. ನೀಲಿ ಜೆಲ್ ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಬಿಸಿ ಮಾಡಿದರೆ ಮತ್ತೆ ನೀಲಿ. ಆದರೆ ದಯವಿಟ್ಟು ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ. ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ವಿಷ. ಅದಕ್ಕೆಂದೇ ಒಂದು ಹಳೆಯ ಪಾತ್ರೆ ಬೇರೆ ಇಟ್ಟುಕೊಳ್ಳಿ. ಅಕ್ಕಿ ಗಂಟು ಇಡುವವರಿದ್ದಾರೆ, ಅದರ ಹಿಟ್ಟೇ ಲೆನ್ಸಿನೊಳಗೆ ಹೋಗುತ್ತದೆ. ಕರ್ಪೂರ, ನುಸಿಗುಳಿಗೆ ಅಂತೂ ಬೇಡವೇ ಬೇಡ, ನಿಕಾನ್ ತನ್ನ ಮ್ಯಾನುಯಲ್‌ಗಳಲ್ಲೇ ಇದನ್ನು ಬರೆದಿದೆ.

ಇದೆಲ್ಲಕ್ಕಿಂತ ದೊಡ್ಡದು, ಲೆನ್ಸನ್ನು ಕೈಯಲ್ಲಿ ಹಿಡಿಯುವುದು. ಮದುವೆ ಸೀಸನ್‌ನಲ್ಲಿ ಲೆನ್ಸ್ ದಿನಾ ಗಾಳಿ, ಬೆಳಕು ಕಾಣುತ್ತದೆ, ಜೂಮ್ ತಿರುಗಿಸಿದಾಗ ಒಳಗಿನ ಗಾಳಿಯೂ ಬದಲಾಗುತ್ತದೆ, ಅದಕ್ಕೇ ನನ್ನ ದುಡಿಯುವ ಲೆನ್ಸ್‌ಗಳಿಗೆ ಫಂಗಸ್ ಬಂದೇ ಇಲ್ಲ. ಆಷಾಢದಲ್ಲೂ ವಾರಕ್ಕೊಮ್ಮೆ ತೆಗೆದು ಮನೆಯವರ, ದನಕರುಗಳ ನಾಲ್ಕು ಫೋಟೋ ತೆಗೆಯಿರಿ. ಫೋಕಸ್ ರಿಂಗ್ ಆ ಕಡೆಯಿಂದ ಈ ಕಡೆಗೆ ತಿರುಗಿಸಿ. ಮಳೆ ಬಿಟ್ಟು ಬಿಸಿಲು ಬಂದ ದಿನ ಖಾಲಿ ಬ್ಯಾಗನ್ನು ಅಂಗಳದಲ್ಲಿ ಒಣಗಿಸಿ.

ಇನ್ನೊಂದು ಮಾತು. 2018ರಲ್ಲಿ ಕ್ಯಾಮೆರಾಕ್ಕೆ ಲೆನ್ಸ್ ಕೂರುವ ಜಾಗವನ್ನೇ (ಮೌಂಟ್) ಬದಲಿಸಿ ನಿಕಾನ್ ಝಡ್ ಮೌಂಟ್ ತಂತು, ಕ್ಯಾನನ್ ಆರ್‌ಎಫ್ ತಂತು. ನನ್ನ 50 ಎಂಎಂ ಅನ್ನು ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್ ಮೂಲಕ ಹೊಸ ಕ್ಯಾಮೆರಾಕ್ಕೆ ಹಾಕಬಹುದು, ಆದರೆ ಅದರಲ್ಲಿ ಮೋಟರ್ ಇಲ್ಲದ ಕಾರಣ ಆಟೋಫೋಕಸ್ ಇರುವುದಿಲ್ಲ. ಲೆನ್ಸಿಗೆ ಏನೂ ಆಗಿಲ್ಲ, ಕ್ಯಾಮೆರಾ ಮುಂದೆ ಹೋಯಿತು. ಅದಕ್ಕೇ ಡಿ750 ಅನ್ನು ಇನ್ನೂ ಮಾರಿಲ್ಲ.

ಈ ಭಾನುವಾರ ನಿಮ್ಮ ಲೆನ್ಸ್‌ಗಳನ್ನೆಲ್ಲ ಹೊರಗಿಡಿ. ಎರಡೂ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಹಾಕಿ ನೋಡಿ. ಸಣ್ಣ ಧೂಳಿನ ಚುಕ್ಕಿ ಕಂಡರೆ ಬಿಟ್ಟುಬಿಡಿ. ಎಳೆ ಕಂಡರೆ ಆ ಲೆನ್ಸನ್ನು ಉಳಿದವುಗಳ ಡಬ್ಬಿಗೆ ಹಾಕದೆ ಬೇರೆ ಇಟ್ಟು, ಸೋಮವಾರವೇ ರಿಪೇರಿಗೆ ಕಳಿಸಿ.